ಎಂಎಸ್ಸಿ ಆಯಿತು, ಪಿಎಚ್‌ಡಿ ಎಲ್ಲಿ? ಹಾಸನ, ಚಿಕ್ಕಮಗಳೂರಿನ ಹೆಣ್ಣುಮಕ್ಕಳಿಗೆ ಒಂದು ಹೋಲಿಕೆ

ಎಂಎಸ್ಸಿ ಮುಗಿಸಿದ ಮಗಳು ಪಿಎಚ್‌ಡಿ ಮಾಡುತ್ತೇನೆ ಅಂದಾಗ ನಮ್ಮ ಕಡೆಯ ಮನೆಗಳಲ್ಲಿ ಮೊದಲು ಬರುವ ಪ್ರಶ್ನೆ "ಎಲ್ಲಿ?" ಅಂತ. ಹಾಸನದಲ್ಲೇ ಆಗುತ್ತದಾ, ಮೈಸೂರಿಗೆ ಹೋಗಬೇಕಾ, ಬೆಂಗಳೂರಾ? ಎರಡನೆಯದು "ಎಷ್ಟು ವರ್ಷ?" ಮೂರನೆಯದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಎಲ್ಲರ ಮನಸ್ಸಿನಲ್ಲೂ ಅದೇ ಇರುತ್ತದೆ: ಮದುವೆ ಯಾವಾಗ? ಫೆಲೋಶಿಪ್ (ಸಂಶೋಧನೆ ಮಾಡುವಾಗ ತಿಂಗಳು ತಿಂಗಳು ಬರುವ ಹಣ) ಸಿಗುತ್ತದಾ, ಗೈಡ್ ಯಾರು ಅನ್ನುವ ಮಾತು ಕೊನೆಗೆ ಬರುತ್ತದೆ. ಎಷ್ಟೋ ಸಲ ಬರುವುದೇ ಇಲ್ಲ.

ಹಾಸನದ ಒಂದು ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ವಿದ್ಯಾರ್ಥಿನಿಯರು, ಅವರ ಅಪ್ಪ ಅಮ್ಮ ಸಲಹೆ ಕೇಳಲು ಬರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲೂ ಮೊದಲೇ ಹೇಳಿಬಿಡುತ್ತೇನೆ. ಆ ಪ್ರಶ್ನೆಗಳ ಸಾಲು ತಲೆಕೆಳಗಾಗಿದೆ. ಮೊದಲು ನಿಮ್ಮ ಹೆಸರಿಗೆ ಬರುವ ಫೆಲೋಶಿಪ್, ಆಮೇಲೆ ಗೈಡ್, ಅದಾದ ಮೇಲೆ ಊರು. ಕೆಳಗೆ ಎಲ್ಲ ದಾರಿಗಳನ್ನೂ ಇದೇ ಕ್ರಮದಲ್ಲಿ ಅಳೆದಿದ್ದೇನೆ.

ಸೇರುವುದಕ್ಕೆ ನಮ್ಮ ಹುಡುಗಿಯರು ಹಿಂದೆ ಬಿದ್ದಿಲ್ಲ. ಕೇಂದ್ರ ಸರ್ಕಾರದ 2021-22ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಸುಮಾರು 2.13 ಲಕ್ಷ ಜನರಲ್ಲಿ 99 ಸಾವಿರ ಮಂದಿ ಹೆಣ್ಣುಮಕ್ಕಳು. ಹೆಚ್ಚುಕಡಿಮೆ ಅರ್ಧ. ಅದು ಎಲ್ಲ ವಿಷಯ ಸೇರಿದ ಲೆಕ್ಕ. ಆದರೆ ಸಂಶೋಧನಾ ಕೆಲಸದಲ್ಲೇ ಇರುವವರನ್ನು ಎಣಿಸಿದರೆ 2018ರಲ್ಲಿ ಮಹಿಳೆಯರ ಪಾಲು ಶೇ 16.6 ಮಾತ್ರ. ಇಷ್ಟು ಜನ ನಡುವೆ ಎಲ್ಲೋ ಬಿಟ್ಟುಹೋಗುತ್ತಿದ್ದಾರೆ ಅಂತ ತಾನೇ ಅರ್ಥ? ಬಿಡುವುದಕ್ಕೆ ನೂರು ಕಾರಣ ಇರುತ್ತವೆ. ಕೈಯಲ್ಲಿ ದುಡ್ಡಿಲ್ಲದೆ, ಹೊಂದದ ಗೈಡ್ ಹತ್ತಿರ, ಬರೀ ಮನೆಗೆ ಹತ್ತಿರ ಅಂತ ಸೇರಿಕೊಂಡದ್ದು ಅದರಲ್ಲಿ ದೊಡ್ಡದು ಅಂತ ನನಗೆ ಅನ್ನಿಸುತ್ತದೆ.

ಫೆಲೋಶಿಪ್ ಮೊದಲು, ಯಾಕೆ?

ಸಿಎಸ್‌ಐಆರ್-ಯುಜಿಸಿ ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಬರೆದು ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಪಡೆದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ ಎಸ್‌ಆರ್‌ಎಫ್ (ಸೀನಿಯರ್ ರಿಸರ್ಚ್ ಫೆಲೋಶಿಪ್) ಆದಾಗ 42,000 ರೂಪಾಯಿ. 2023ರ ಜನವರಿಯಿಂದ ಇದೇ ದರ. ಹಾಸ್ಟೆಲ್ ಸಿಗದಿದ್ದರೆ ಮನೆಬಾಡಿಗೆ ಭತ್ಯೆ ಬೇರೆ. ಪರೀಕ್ಷೆ ಜೂನ್ ಮತ್ತು ಡಿಸೆಂಬರ್ ಹೆಸರಿನಲ್ಲಿ ವರ್ಷಕ್ಕೆ ಎರಡು ಸಲ. ಭೌತ, ರಸಾಯನ, ಜೀವ, ಗಣಿತ ಮತ್ತು ಭೂವಿಜ್ಞಾನ, ಹೀಗೆ ಐದು ವಿಷಯ. ಕಂಪ್ಯೂಟರ್ ವಿಜ್ಞಾನ, ಪರಿಸರ ವಿಜ್ಞಾನದವರು ಯುಜಿಸಿ ನೆಟ್ ಕಡೆಗೆ ಹೋಗಬೇಕು. ಜೆಆರ್‌ಎಫ್ ವಯೋಮಿತಿಯಲ್ಲಿ ಮಹಿಳೆಯರಿಗೆ 5 ವರ್ಷ ಸಡಿಲಿಕೆ ಇದೆ.

ಈ ಹಣ ನಿಮ್ಮ ಹೆಸರಿನದು, ಗೈಡ್ ಹೆಸರಿನದಲ್ಲ. ಇದು ಬಹಳ ಜನರಿಗೆ ಹೊಳೆಯುವುದಿಲ್ಲ. ಗೈಡ್ ತಮ್ಮ ಪ್ರಾಜೆಕ್ಟ್‌ನಿಂದ ಕೊಡುವ ಜೆಆರ್‌ಎಫ್ ಬೇರೆ, ನೆಟ್ ಪಾಸಾಗಿ ಬರುವ ಜೆಆರ್‌ಎಫ್ ಬೇರೆ. ಎರಡಕ್ಕೂ ಹೆಸರು ಒಂದೇ ಆದ್ದರಿಂದ ಗೊಂದಲ ಆಗುತ್ತದೆ. ಪ್ರಾಜೆಕ್ಟ್‌ನದು ಸಾಮಾನ್ಯವಾಗಿ ಪ್ರಾಜೆಕ್ಟ್ ಮುಗಿದ ದಿನ ನಿಂತುಹೋಗುತ್ತದೆ. ಮೂರು ವರ್ಷದ ಪ್ರಾಜೆಕ್ಟ್, ಐದು ವರ್ಷದ ಪಿಎಚ್‌ಡಿ. ಉಳಿದ ಎರಡು ವರ್ಷ ಊಟ, ಬಾಡಿಗೆ ಹೇಗೆ ಅಂತ ಸೇರುವ ದಿನವೇ ಕೇಳಬೇಕು.

ಮನೆಯ ಮಾತುಕತೆಯೂ ದುಡ್ಡಿನಿಂದ ಬದಲಾಗುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. "ಇನ್ನೂ ಎಷ್ಟು ದಿನ ಓದುತ್ತೀಯ?" ಅನ್ನುತ್ತಿದ್ದ ಅಪ್ಪ, ಮಗಳ ಖಾತೆಗೆ ತಿಂಗಳು ತಿಂಗಳು ಫೆಲೋಶಿಪ್ ಬರಲು ಶುರುವಾದ ಮೇಲೆ ನೆಂಟರ ಮುಂದೆ "ನಮ್ಮ ಮಗಳು ವಿಜ್ಞಾನಿ" ಅನ್ನುತ್ತಾರೆ. ಗಂಡು ನೋಡಲು ಬಂದವರ ಹತ್ತಿರ ಮಾತಾಡುವ ಧೈರ್ಯವೂ ಹುಡುಗಿಗೆ ಆಗಲೇ ಬರುವುದು.

ನೆಟ್ ಒಂದೇ ದಾರಿ ಅಲ್ಲ. ಎಂಎಸ್ಸಿಯಲ್ಲಿ ವಿಶ್ವವಿದ್ಯಾಲಯಕ್ಕೆ ಮೊದಲ ರ‍್ಯಾಂಕ್ ಬಂದಿದ್ದರೆ ಇನ್‌ಸ್ಪೈರ್ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು. ಕರ್ನಾಟಕ ಸರ್ಕಾರದ ಕೆಸ್ಟೆಪ್ಸ್ ಸಂಸ್ಥೆ ರಾಜ್ಯದಲ್ಲಿ ಪೂರ್ಣಾವಧಿ ಪಿಎಚ್‌ಡಿ ಮಾಡುವ ವಿಜ್ಞಾನ, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಫೆಲೋಶಿಪ್ ಕೊಡುತ್ತದೆ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಮತ್ತು ಅಲ್ಪಸಂಖ್ಯಾತರ ಇಲಾಖೆಗಳಿಂದಲೂ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಸಹಾಯಧನ ಇದೆ. ಇವು ನೆಟ್‌ಗಿಂತ ಕಡಿಮೆ ಮೊತ್ತದವು, ಹಣ ಬರುವುದು ತಡವೂ ಆಗುತ್ತದೆ. ಆದರೂ ಏನೂ ಇಲ್ಲದೆ ಸೇರುವುದಕ್ಕಿಂತ ಎಷ್ಟೋ ಮೇಲು.

ಮದುವೆ, ಮಗು ಅಂತ ಕೆಲವು ವರ್ಷ ಬಿಟ್ಟವರು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್-ಕಿರಣ್ ಯೋಜನೆ ನೋಡಲೇಬೇಕು. ಅದರಲ್ಲಿ ಮಹಿಳೆಯರಿಗೆಂದೇ ಪಿಎಚ್‌ಡಿ ಫೆಲೋಶಿಪ್ ಇದೆ, 27ರಿಂದ 45 ವರ್ಷದವರಿಗೆ. "ವಯಸ್ಸಾಯಿತು" ಅಂತ ಕೈಚೆಲ್ಲಿ ಕೂತವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಹತ್ತಿರದ ವಿಶ್ವವಿದ್ಯಾಲಯಗಳು

ಹಾಸನದವರಿಗೆ ಮೈಸೂರು ವಿಶ್ವವಿದ್ಯಾಲಯ, ಚಿಕ್ಕಮಗಳೂರಿನವರಿಗೆ ಕುವೆಂಪು ವಿಶ್ವವಿದ್ಯಾಲಯ. ಮೊದಲಿನಿಂದಲೂ ಇದೇ ರೂಢಿ. ಮೈಸೂರಿನದು 1916ರಲ್ಲಿ ಶುರುವಾದದ್ದು. ಮಾನಸಗಂಗೋತ್ರಿಯ ವಿಜ್ಞಾನ ವಿಭಾಗಗಳಲ್ಲಿ ಒಳ್ಳೆಯ ಉಪಕರಣಗಳಿವೆ, ಹೆಸರಾದ ಗೈಡ್‌ಗಳಿದ್ದಾರೆ. ಕುವೆಂಪು ವಿಶ್ವವಿದ್ಯಾಲಯ ಶಂಕರಘಟ್ಟದಲ್ಲಿದೆ, ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಗೆ ಹತ್ತಿರ. ಕಾಡು, ನದಿ, ಸಸ್ಯ, ಕೀಟ ಅಂತ ಕೆಲಸ ಮಾಡಬೇಕು ಅನ್ನುವವರಿಗೆ ಪಶ್ಚಿಮ ಘಟ್ಟದ ಬಾಗಿಲಲ್ಲೇ ಕೂತ ಹಾಗೆ.

ಹಾಸನದೊಳಗೇ ಆಗಬೇಕು ಅಂದರೆ ಹೇಮಗಂಗೋತ್ರಿ. ಮೊದಲು ಅದು ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು, ಆಮೇಲೆ ಹಾಸನ ವಿಶ್ವವಿದ್ಯಾಲಯ ಆಯಿತು. ಹೊಸ ವಿಶ್ವವಿದ್ಯಾಲಯಗಳನ್ನು ಮತ್ತೆ ಹಳೆಯವುಗಳ ಜೊತೆ ಸೇರಿಸುವ ಮಾತು 2025ರಲ್ಲಿ ಸರ್ಕಾರದ ಮಟ್ಟದಲ್ಲೇ ನಡೆದಿದೆ. ಹಾಗಾಗಿ ಸೇರುವ ಮೊದಲು ಮೂರು ಪ್ರಶ್ನೆ ಕೇಳಿ: ನೋಂದಣಿ ಯಾವ ವಿಶ್ವವಿದ್ಯಾಲಯದ ಹೆಸರಿನಲ್ಲಿ? ಪದವಿ ಪತ್ರದ ಮೇಲೆ ಯಾವ ಹೆಸರು ಬರುತ್ತದೆ? ನನ್ನ ವಿಷಯದಲ್ಲಿ ಕಾಯಂ ಗೈಡ್ ಎಷ್ಟು ಜನ ಇದ್ದಾರೆ? ಉತ್ತರ ಬರಹದಲ್ಲಿ ಸಿಕ್ಕರೆ ಒಳ್ಳೆಯದು.

ಈ ದಾರಿಯ ಲಾಭ ಸ್ಪಷ್ಟ. ಖರ್ಚು ಕಡಿಮೆ. ಕನ್ನಡದಲ್ಲಿ ಮಾತಾಡಬಹುದು. ವಾರಕ್ಕೊಮ್ಮೆ ಮನೆಗೆ ಬರಬಹುದು. ಅಪ್ಪನಿಗೆ ಹುಷಾರಿಲ್ಲ ಅಂದರೆ ಸಂಜೆಯೊಳಗೆ ಊರು ಮುಟ್ಟಬಹುದು. ಇದು ಸಣ್ಣ ವಿಷಯ ಅಂತ ಯಾರೂ ಹೇಳಬಾರದು. ಆರಾಮಾಗಿ ಕೆಲಸ ಮಾಡುವುದಕ್ಕೂ ಮನಸ್ಸಿಗೆ ನೆಮ್ಮದಿ ಬೇಕು.

ತೊಂದರೆ ಇರುವುದು ದುಡ್ಡು ಮತ್ತು ಉಪಕರಣದಲ್ಲಿ. ರಾಜ್ಯ ವಿಶ್ವವಿದ್ಯಾಲಯಕ್ಕೆ ಸೇರಿದ ಮಾತ್ರಕ್ಕೆ ಫೆಲೋಶಿಪ್ ಬರುವುದಿಲ್ಲ, ನೀವೇ ತರಬೇಕು. ರಾಸಾಯನಿಕಗಳನ್ನು ವಿದ್ಯಾರ್ಥಿಗಳೇ ಕೈಯಿಂದ ಹಣ ಹಾಕಿ ಕೊಳ್ಳುವುದು ನನಗೆ ಗೊತ್ತಿದೆ. ಮಾದರಿಗಳನ್ನು ಎನ್‌ಎಂಆರ್, ಮಾಸ್ ಸ್ಪೆಕ್ಟ್ರಮ್‌ನಂಥ ಪರೀಕ್ಷೆಗೆ ಅಂತ ಬೇರೆ ಊರಿನ ಲ್ಯಾಬ್‌ಗೆ ಕಳಿಸಿ ವಾರಗಟ್ಟಲೆ ಕಾಯಬೇಕಾಗುತ್ತದೆ. ಗಣಿತ, ಸೈದ್ಧಾಂತಿಕ ಭೌತಶಾಸ್ತ್ರದವರಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ. ಪ್ರಯೋಗವೇ ಜೀವಾಳವಾದ ವಿಷಯಗಳಿಗೆ ತಟ್ಟುತ್ತದೆ.

ಹತ್ತಿರ ಅನ್ನುವುದಕ್ಕೆ ಇನ್ನೊಂದು ಮುಖವೂ ಇದೆ. ಮಗಳು ಹತ್ತಿರದಲ್ಲೇ ಇದ್ದಾಳೆ ಅಂದರೆ ಪ್ರತಿ ಮದುವೆಗೆ, ಪ್ರತಿ ಗೃಹಪ್ರವೇಶಕ್ಕೆ, ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದಕ್ಕೆ ಅವಳೇ ಬೇಕು. ಅಣ್ಣನಿಗೆ ಕೆಲಸ ಇರುತ್ತದೆ, ಇವಳು "ಸುಮ್ನೆ ಓದುತ್ತಿದ್ದಾಳೆ". ದಿನಾ ಮನೆಯಿಂದ ಓಡಾಡಿ ಪಿಎಚ್‌ಡಿ ಮಾಡುತ್ತೇನೆ ಅನ್ನುವವರಿಗೆ ನನ್ನ ಕಳಕಳಿಯ ಮಾತು: ಹತ್ತಿರದ ವಿಶ್ವವಿದ್ಯಾಲಯವೇ ಆದರೂ ಹಾಸ್ಟೆಲ್‌ನಲ್ಲಿರಿ.

ಬೆಂಗಳೂರು, ಮೈಸೂರಿನ ಸಂಶೋಧನಾ ಸಂಸ್ಥೆಗಳು

ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ), ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ, ಜಿಕೆವಿಕೆ ಆವರಣದಲ್ಲಿರುವ ಜೀವವಿಜ್ಞಾನದ ಎನ್‌ಸಿಬಿಎಸ್, ರಾಮನ್ ಸಂಶೋಧನಾ ಸಂಸ್ಥೆ, ಕೋರಮಂಗಲದ ಖಭೌತ ಸಂಸ್ಥೆ. ಹೆಸರು ಕೇಳಿದರೆ ನಮ್ಮ ಹುಡುಗಿಯರು "ಅದೆಲ್ಲ ನಮಗಲ್ಲ ಮೇಡಂ" ಅನ್ನುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ.

ಈ ದಾರಿಯ ದೊಡ್ಡ ಗುಣ ಅಂದರೆ ಪ್ರವೇಶ ಸಿಕ್ಕರೆ ಫೆಲೋಶಿಪ್ ಜೊತೆಯಲ್ಲೇ ಬರುತ್ತದೆ. ಐಐಎಸ್‌ಸಿಯಲ್ಲಿ ಗೇಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯ ಮೂಲಕ ಸೇರಿದವರಿಗೂ ಜೆಆರ್‌ಎಫ್ ಮಟ್ಟದ ವಿದ್ಯಾರ್ಥಿವೇತನ ಇದೆ. ಹಾಸ್ಟೆಲ್ ಆವರಣದಲ್ಲೇ. ರಾತ್ರಿ ಹತ್ತಕ್ಕೆ ಪ್ರಯೋಗ ಮುಗಿದರೂ ಬಸ್ಸಿಗೆ ಓಡಬೇಕಿಲ್ಲ. ಉಪಕರಣ ಪಕ್ಕದ ಕಟ್ಟಡದಲ್ಲಿರುತ್ತದೆ. ಗೈಡ್ ಜೊತೆ ಹೊಂದಾಣಿಕೆ ಆಗದಿದ್ದರೆ ಅದೇ ಆವರಣದಲ್ಲಿ ಬೇರೆಯವರನ್ನು ಹುಡುಕುವ ಅವಕಾಶವೂ ಜಾಸ್ತಿ.

ಕಷ್ಟಗಳೂ ಇವೆ. ಐದಾರು ವರ್ಷ ಹಿಡಿಯುವುದು ಮಾಮೂಲು. ಸುತ್ತ ಇರುವವರೆಲ್ಲ ಜಾಣರು, ದೊಡ್ಡ ಊರುಗಳಿಂದ ಬಂದವರು. ಮೊದಲ ವರ್ಷ ಕೋರ್ಸ್‌ವರ್ಕ್ (ಸಂಶೋಧನೆಗೆ ಮೊದಲು ಓದಬೇಕಾದ ಪಾಠಗಳು) ಹೊತ್ತಿನಲ್ಲಿ ಅರಕಲಗೂಡಿನಿಂದಲೋ ಕಡೂರಿನಿಂದಲೋ ಹೋದ ಹುಡುಗಿಗೆ ತಾನೇ ಹಿಂದೆ ಅನ್ನಿಸುವುದು ಸಹಜ. ಮನೆಯೂ ದೂರ. ಈಗ ಹಾಸನದಿಂದ ಶ್ರವಣಬೆಳಗೊಳ, ಕುಣಿಗಲ್ ಮೇಲೆ ಬೆಂಗಳೂರಿಗೆ 2017ರಿಂದ ನೇರ ರೈಲು ಮಾರ್ಗ ಇರುವುದರಿಂದ ಆ ದೂರ ಮೊದಲಿನಷ್ಟು ದೂರವಲ್ಲ.

ಸಂದರ್ಶನದ ಭಯದ ಬಗ್ಗೆ ಎರಡು ಮಾತು. ಅಲ್ಲಿ ನೋಡುವುದು ಇಂಗ್ಲಿಷಿನ ಚಂದ ಅಲ್ಲ. ಬಿಎಸ್ಸಿ, ಎಂಎಸ್ಸಿಯ ಮೂಲ ಪಾಠದಿಂದ ಒಂದು ಪ್ರಶ್ನೆ ಹಿಡಿದು, ಬೋರ್ಡಿನ ಮೇಲೆ ಬರೆಯುತ್ತಾ ಹೋಗಿ ಅನ್ನುತ್ತಾರೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂದರೆ ಅವರೇ ಒಂದು ಸುಳಿವು ಕೊಟ್ಟು ಮುಂದೆ ಯೋಚಿಸಲು ಬಿಡುತ್ತಾರೆ. ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿವರೆಗೆ ಓದಿದವರು ಈ ಬೋರ್ಡಿನ ಮುಂದೆ ಚೆನ್ನಾಗಿ ನಿಲ್ಲಬಲ್ಲರು. ಬೇಕಾಗಿರುವುದು ಐದಾರು ಮೂಲ ವಿಷಯಗಳ ಮೇಲೆ ಗಟ್ಟಿ ಹಿಡಿತ. ಇಡೀ ಸಿಲಬಸ್ಸನ್ನು ತೆಳ್ಳಗೆ ಓದಿದರೆ ಸಾಲದು.

ಇದೇ ಐಐಎಸ್‌ಸಿಯಲ್ಲಿ 1933ರಲ್ಲಿ ಕಮಲಾ ಭಾಗವತ್ ಎಂಬ ಹುಡುಗಿಗೆ ಹೆಣ್ಣು ಅನ್ನುವ ಕಾರಣಕ್ಕೆ ಸಿ.ವಿ. ರಾಮನ್ ಪ್ರವೇಶ ಕೊಡಲಿಲ್ಲ. ಅವರು ಹಟ ಹಿಡಿದು ನಿಂತರು. ಕೊನೆಗೆ ಒಂದು ವರ್ಷ ಪರೀಕ್ಷಾರ್ಥ ಅಂತ ಷರತ್ತು ಹಾಕಿ ಸೇರಿಸಿಕೊಂಡರು. ಅವರೇ ಮುಂದೆ ಕಮಲಾ ಸೊಹೊನಿ. 1939ರಲ್ಲಿ ಕೇಂಬ್ರಿಡ್ಜ್‌ನಿಂದ ಪಿಎಚ್‌ಡಿ ಪಡೆದರು. 1953ರಲ್ಲಿ ಅದೇ ಸಂಸ್ಥೆಗೆ ಕರ್ನಾಟಕದವರೇ ಆದ ರಾಜೇಶ್ವರಿ ಚಟರ್ಜಿ ಅಧ್ಯಾಪಕಿಯಾಗಿ ಬಂದರು, ಮೈಕ್ರೋವೇವ್ ಎಂಜಿನಿಯರಿಂಗ್‌ನಲ್ಲಿ ಹೆಸರು ಮಾಡಿದರು. ಅವರು ಅಷ್ಟು ಜಗಳವಾಡಿ ತೆರೆದ ಬಾಗಿಲ ಮುಂದೆ ನಿಂತು ನಮ್ಮ ಹುಡುಗಿಯರು "ನಮಗಲ್ಲ" ಅನ್ನಬಾರದು.

ಬೆಂಗಳೂರು ಬೇಡ ಅನ್ನುವವರಿಗೆ ಮೈಸೂರಿನ ಸಿಎಫ್‌ಟಿಆರ್‌ಐ ಇದೆ. 1950ರಲ್ಲಿ ಶುರುವಾದ ಸಿಎಸ್‌ಐಆರ್ ಸಂಸ್ಥೆ, ಆಹಾರ ವಿಜ್ಞಾನಕ್ಕೆ ದೇಶದಲ್ಲೇ ದೊಡ್ಡ ಹೆಸರು. ಹಾಸನದ ಜೀವರಸಾಯನ, ಸೂಕ್ಷ್ಮಜೀವಿ ವಿಜ್ಞಾನ, ರಸಾಯನಶಾಸ್ತ್ರದ ಹುಡುಗಿಯರಿಗೆ ಇದಕ್ಕಿಂತ ಸರಿಯಾದ ನಡುದಾರಿ ನನಗೆ ಕಾಣುವುದಿಲ್ಲ. ಸಂಸ್ಥೆ ರಾಷ್ಟ್ರಮಟ್ಟದ್ದು, ಊರು ನಮ್ಮದೇ, ಮನೆಗೆ ಬಸ್ಸಿನಲ್ಲಿ ಮೂರು ಗಂಟೆ. ನೆಟ್ ಜೆಆರ್‌ಎಫ್ ಕೈಯಲ್ಲಿದ್ದರೆ ನಾನು ಮೊದಲು ಕಳಿಸುವುದು ಅಲ್ಲಿಗೇ.

ಬಿಎಸ್ಸಿ ಕೊನೆ ವರ್ಷದಲ್ಲಿರುವವರು ಇದನ್ನು ಓದುತ್ತಿದ್ದರೆ, ಐಐಎಸ್‌ಸಿ ಮತ್ತು ಜಕ್ಕೂರಿನ ಕೇಂದ್ರದಲ್ಲಿ ಇಂಟಿಗ್ರೇಟೆಡ್ ಪಿಎಚ್‌ಡಿ ಇದೆ. ಅದಕ್ಕೆ ಜಾಮ್ ಎಂಬ ಪ್ರವೇಶ ಪರೀಕ್ಷೆ ಬರೆಯಿರಿ. ಎಂಎಸ್ಸಿ, ಪಿಎಚ್‌ಡಿ ಎರಡೂ ಒಂದೇ ಕಡೆ ಆಗುತ್ತದೆ.

ನಮ್ಮ ನೆಲದಲ್ಲೇ ಇರುವ ವಿಷಯಗಳು

ಬಾಳೆಹೊನ್ನೂರಿನ ಹತ್ತಿರದ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 1925ರಲ್ಲಿ ಮೈಸೂರು ಸರ್ಕಾರದ ಕಾಲದಲ್ಲಿ ಶುರುವಾದದ್ದು. ಬಿಳಿ ಕಾಂಡಕೊರಕ, ಎಲೆ ತುಕ್ಕು ರೋಗ, ಹೊಸ ತಳಿಗಳು, ಎಲ್ಲ ಅಲ್ಲಿನ ಕೆಲಸ. ಚಂದ್ರಗಿರಿ ತಳಿ 2007ರಲ್ಲಿ ಅಲ್ಲಿಂದಲೇ ಬಂತು. ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜು ಮತ್ತು ಸಂಶೋಧನಾ ಕೇಂದ್ರ ಇವೆ. ಹಾಸನದ ಕಾರೆಕೆರೆಯಲ್ಲಿ ಕೃಷಿ ಕಾಲೇಜು ಇದೆ. ಆಲೂಗಡ್ಡೆಯ ಅಂಗಮಾರಿ, ಮೆಣಸಿನ ಬಳ್ಳಿಯ ಸೊರಗು ರೋಗ, ಸಕಲೇಶಪುರ ಆಲೂರಿನ ಆನೆ ಹಾವಳಿ, ಭದ್ರಾ ಅರಣ್ಯದ ಜೀವಿಗಳು. ಇವನ್ನೆಲ್ಲ ಬೇರೆ ದೇಶದವರು ಬಂದು ಅಧ್ಯಯನ ಮಾಡುತ್ತಾರೆ. ತೋಟದಲ್ಲೇ ಬೆಳೆದ ಹುಡುಗಿಗೆ ಆಳುಗಳ ಹತ್ತಿರ ಹೇಗೆ ಮಾತಾಡಬೇಕು, ಮಳೆಗಾಲದಲ್ಲಿ ಜಿಗಣೆ ಕಾಟ ಹೇಗಿರುತ್ತದೆ, ಯಾವ ತಿಂಗಳಲ್ಲಿ ಕಾಂಡಕೊರಕದ ದುಂಬಿ ಹಾರುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ಅದೊಂದು ದೊಡ್ಡ ಆಸ್ತಿ.

ಇಂಥ ವಿಷಯ ಆರಿಸಿಕೊಂಡರೆ ನೋಂದಣಿ ವಿಶ್ವವಿದ್ಯಾಲಯದಲ್ಲಿ, ಫೀಲ್ಡ್ ಕೆಲಸ ನಮ್ಮೂರಿನಲ್ಲಿ. ಊರು ಬಿಡದೆ ಒಳ್ಳೆಯ ಸಂಶೋಧನೆ ಆಗುವ ಸಂದರ್ಭ ಅಂದರೆ ಇದೊಂದೇ ಅಂತ ನನ್ನ ಲೆಕ್ಕ. ಆದರೆ ಫೀಲ್ಡ್‌ಗೆ ಒಬ್ಬರೇ ಹೋಗಬೇಕಾ, ವಾಹನ ಯಾರದು, ಅರಣ್ಯ ಇಲಾಖೆಯ ಅನುಮತಿ ಯಾರು ತರುತ್ತಾರೆ ಅಂತ ಗೈಡ್ ಹತ್ತಿರ ಮೊದಲೇ ಮಾತಾಡಿಕೊಳ್ಳಿ.

ಕೆಲಸದ ಜೊತೆ ಅರೆಕಾಲಿಕ ಪಿಎಚ್‌ಡಿ

ಎಂಜಿನಿಯರಿಂಗ್ ಕಾಲೇಜುಗಳಲ್ಲಿ, ಖಾಸಗಿ ಪದವಿ ಕಾಲೇಜುಗಳಲ್ಲಿ ಪಾಠ ಮಾಡುವ ಹೆಂಗಸರು ಜಾಸ್ತಿ ಹಿಡಿಯುವ ದಾರಿ ಇದು. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು, ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ಕಾಲೇಜಿನಂಥ ಕಡೆ ವಿಟಿಯು ಸಂಶೋಧನಾ ಕೇಂದ್ರಗಳಿವೆ. ಸಂಬಳ ನಿಲ್ಲುವುದಿಲ್ಲ, ಮನೆ ಬಿಡಬೇಕಿಲ್ಲ.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದಲ್ಲಿ ಅರೆಕಾಲಿಕ ಪಿಎಚ್‌ಡಿಗೆ ಒಪ್ಪಿಗೆ ಇದೆ. ಆದರೆ ಕೆಲಸ ಕೊಟ್ಟವರಿಂದ ಎನ್‌ಒಸಿ (ನಮ್ಮ ಆಕ್ಷೇಪಣೆ ಇಲ್ಲ ಎಂಬ ಪತ್ರ) ಬೇಕು. ಅದರಲ್ಲಿ ಓದಲು ಸಾಕಷ್ಟು ಸಮಯ ಕೊಡುತ್ತೇವೆ, ಬೇಕಾದರೆ ಕೋರ್ಸ್‌ವರ್ಕ್‌ಗೆ ಬಿಡುವು ಕೊಡುತ್ತೇವೆ ಅಂತ ಇರಬೇಕು. ಕಾಗದದ ಮೇಲೆ ಸಹಿ ಹಾಕಿ, ಆಮೇಲೆ ವಾರಕ್ಕೆ ಇಪ್ಪತ್ತು ಗಂಟೆ ಪಾಠ, ಅಡ್ಮಿಷನ್ ಪ್ರಚಾರ, ನ್ಯಾಕ್ ಮಾನ್ಯತೆಯ ಫೈಲು ಎಲ್ಲ ಹೊರಿಸುವ ಆಡಳಿತ ಮಂಡಳಿಗಳಿವೆ. ಸಂಜೆ ಮನೆಗೆ ಬಂದರೆ ಅಡುಗೆ, ಮಕ್ಕಳ ಹೋಮ್‌ವರ್ಕ್. ಅರೆಕಾಲಿಕ ಅಂದರೆ ಗಂಡಸರಿಗೆ ಎರಡು ಕೆಲಸ, ಹೆಂಗಸರಿಗೆ ಮೂರು. ಗಂಡ, ಅತ್ತೆ ಕೈಜೋಡಿಸುತ್ತೇವೆ ಅಂದರೂ ಯಾವ ಎರಡು ಸಂಜೆ ನಿಮ್ಮವು ಅಂತ ಮೊದಲೇ ಗೊತ್ತುಮಾಡಿಕೊಳ್ಳಿ. ಬರೀ ಸಹಕಾರದ ಮಾತು ಸಾಲದು.

ನನ್ನ ಅಭಿಪ್ರಾಯ: ಕಾಯಂ ಕೆಲಸ ಇದ್ದರೆ, ವಿಷಯ ಗಣಿತ ಅಥವಾ ಕಂಪ್ಯೂಟರ್‌ನಂಥದ್ದಾದರೆ ಅರೆಕಾಲಿಕ ಸರಿ. ಲ್ಯಾಬ್ ವಿಷಯಕ್ಕೆ, ಅದರಲ್ಲೂ ಅತಿಥಿ ಉಪನ್ಯಾಸಕಿಯಾಗಿದ್ದುಕೊಂಡು ಮಾಡುವುದು ಬಹಳ ಭಾರ. ಕಾಯಂ ಅಲ್ಲದ ಕೆಲಸ ಉಳಿಸಿಕೊಳ್ಳಲು ಫೆಲೋಶಿಪ್ ಬಿಡಬೇಡಿ.

ಪದವಿ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕಿ ಆಗಬೇಕು ಅನ್ನುವುದಷ್ಟೇ ಗುರಿಯಾದರೆ 2023ರ ಜುಲೈ 1ರಿಂದ ಕನಿಷ್ಠ ಅರ್ಹತೆ ನೆಟ್ ಅಥವಾ ನಮ್ಮ ರಾಜ್ಯದ ಕೆಸೆಟ್ ಪರೀಕ್ಷೆ. ಪಿಎಚ್‌ಡಿ ಕಡ್ಡಾಯ ಅಲ್ಲ. ಮುಂದೆ ಬಡ್ತಿಗೆ ಬೇಕಾಗುತ್ತದೆ. ಹಾಗಾಗಿ ಮೊದಲು ನೆಟ್, ಕೆಸೆಟ್, ಕೆಲಸ, ಆಮೇಲೆ ನಿಧಾನವಾಗಿ ಪಿಎಚ್‌ಡಿ ಅನ್ನುವುದು ತಪ್ಪಲ್ಲ. ಸಂಶೋಧನೆಯೇ ಜೀವನ ಅಂತ ಅಂದುಕೊಂಡವರಿಗೆ ಮಾತ್ರ ಈ ಸಲಹೆ ಹೊಂದುವುದಿಲ್ಲ.

ವಿದೇಶ, ಮತ್ತು ಪಿಎಚ್‌ಡಿ ಇಲ್ಲದ ದಾರಿ

ವಿದೇಶದ ಪಿಎಚ್‌ಡಿಗೆ ಸಾಲ ಮಾಡಬೇಕು ಅನ್ನುವುದು ತಪ್ಪು ತಿಳಿವಳಿಕೆ. ಸಾಲ ಮಾಡುವುದು ಅಲ್ಲಿನ ಎಂಎಸ್‌ಗೆ. ಅಮೆರಿಕದಲ್ಲಿ ವಿಜ್ಞಾನದ ಪಿಎಚ್‌ಡಿಗೆ ಸಾಮಾನ್ಯವಾಗಿ ಶುಲ್ಕ ಮನ್ನಾ ಆಗಿ, ಪಾಠಕ್ಕೋ ಸಂಶೋಧನೆಗೋ ಸಂಬಳ ಕೊಡುತ್ತಾರೆ. ಜರ್ಮನಿಯಲ್ಲಿ ಎಷ್ಟೋ ಪಿಎಚ್‌ಡಿಗಳು ಉದ್ಯೋಗದ ಒಪ್ಪಂದದ ಹಾಗೇ ಇರುತ್ತವೆ, ಮೂರು ನಾಲ್ಕು ವರ್ಷಕ್ಕೆ ಮುಗಿಯುತ್ತವೆ, ಆದರೆ ಎಂಎಸ್ಸಿ ಆಗಿರಬೇಕು. ಯಾರಾದರೂ ಏಜೆಂಟ್ "ಪಿಎಚ್‌ಡಿ ಸೀಟಿಗೆ ಇಷ್ಟು ಲಕ್ಷ" ಅಂದರೆ ಎದ್ದು ಬನ್ನಿ. ಪರಿಶಿಷ್ಟ ಜಾತಿಯವರಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವೂ ಇದೆ.

ಪಿಎಚ್‌ಡಿ ಇಲ್ಲದೆಯೂ ವಿಜ್ಞಾನದ ಕೆಲಸ ಆಗುತ್ತದೆ. ಹಾಸನದಲ್ಲೇ 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇದೆ. ಎತ್ತರದ ಕಕ್ಷೆಯ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. ಬಿಇ ಆದವರೂ ಇಸ್ರೋದ ನೇಮಕಾತಿಯ ಮೂಲಕ ವಿಜ್ಞಾನಿ, ಎಂಜಿನಿಯರ್ ಹುದ್ದೆಗೆ ಸೇರಬಹುದು. ಅನ್ನಾ ಮಣಿ ಅವರನ್ನು ನೆನೆಯಿರಿ. ರಾಮನ್ ಅವರ ಲ್ಯಾಬಿನಲ್ಲಿ ವಜ್ರ, ಮಾಣಿಕ್ಯಗಳ ಬೆಳಕಿನ ಮೇಲೆ ಕೆಲಸ ಮಾಡಿದರು. ಎಂಎಸ್ಸಿ ಇಲ್ಲ ಅಂತ ಮದ್ರಾಸ್ ವಿಶ್ವವಿದ್ಯಾಲಯ ಅವರಿಗೆ ಪಿಎಚ್‌ಡಿ ಕೊಡಲಿಲ್ಲ. ಅವರು ಹವಾಮಾನ ಇಲಾಖೆ ಸೇರಿ, ದೇಶದ ಹವಾಮಾನ ಉಪಕರಣಗಳನ್ನು ಇಲ್ಲೇ ತಯಾರಾಗುವಂತೆ ಮಾಡಿ, ಉಪ ಮಹಾನಿರ್ದೇಶಕಿಯ ಹುದ್ದೆಯವರೆಗೆ ಹೋದರು.

ಪಿಎಚ್‌ಡಿ ಬೇಕೋ ಬೇಡವೋ ಗೊತ್ತಾಗದವರು ಒಂದು ವರ್ಷ ಯಾವುದಾದರೂ ಲ್ಯಾಬಿನಲ್ಲಿ ಪ್ರಾಜೆಕ್ಟ್ ಅಸೋಸಿಯೇಟ್ ಆಗಿ ಕೆಲಸ ಮಾಡಿ ನೋಡಿ. ಸಂಬಳ ಬರುತ್ತದೆ, ಲ್ಯಾಬಿನ ದಿನಚರಿ ಒಗ್ಗುತ್ತದಾ ಅಂತಲೂ ತಿಳಿಯುತ್ತದೆ.

ಗೈಡ್ ಬಗ್ಗೆ ತಿಳಿಯುವುದು ಹೇಗೆ?

ವಿಶ್ವವಿದ್ಯಾಲಯದ ಹೆಸರಿಗಿಂತ ಗೈಡ್ ಮುಖ್ಯ. ಇದನ್ನು ಎಲ್ಲರೂ ಹೇಳುತ್ತಾರೆ, ಆದರೆ ಹೇಗೆ ತಿಳಿಯಬೇಕು ಅಂತ ಹೇಳುವವರು ಕಡಿಮೆ.

ಶೋಧಗಂಗಾ ಎಂಬ ಜಾಲತಾಣ ತೆರೆಯಿರಿ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಅಲ್ಲಿವೆ, ಉಚಿತವಾಗಿ. ಗೈಡ್ ಹೆಸರು ಹಾಕಿ ಹುಡುಕಿದರೆ ಅವರ ಕೈಕೆಳಗೆ ಯಾರು ಯಾರು ಮುಗಿಸಿದ್ದಾರೆ, ಯಾವ ವರ್ಷ ಅಂತ ಸಿಗುತ್ತದೆ. ಬಹಳ ಪ್ರಬಂಧಗಳಲ್ಲಿ ನೋಂದಣಿ ದಿನವೂ ಇರುತ್ತದೆ. ಎಲ್ಲರಿಗೂ ಏಳೆಂಟು ವರ್ಷ ಹಿಡಿದಿದೆ ಅಂದರೆ ಯೋಚಿಸಿ. ಹೆಣ್ಣುಮಕ್ಕಳ ಹೆಸರುಗಳು ಎಷ್ಟಿವೆ ಅಂತಲೂ ನೋಡಿ. ಸೇರಿದವರು ಬಹಳ, ಮುಗಿಸಿದವರು ಇಲ್ಲ ಅಂದರೆ ಅದು ಸುಮ್ಮನೆ ಆಗುವ ಮಾತಲ್ಲ.

ಆಮೇಲೆ ಲ್ಯಾಬಿಗೆ ಹೋಗಿ. ಗೈಡ್ ಇಲ್ಲದ ಹೊತ್ತಿನಲ್ಲಿ, ಕ್ಯಾಂಟೀನಿನಲ್ಲಿ, ಅಲ್ಲಿನ ಹುಡುಗಿಯರ ಜೊತೆ ಮಾತಾಡಿ. ಶನಿವಾರ ಭಾನುವಾರ ಬರಬೇಕಾ? ಗೈಡ್ ಮನೆಕೆಲಸ ಹೇಳುತ್ತಾರಾ? ಪೇಪರಿನಲ್ಲಿ ಮೊದಲ ಹೆಸರು ಯಾರದು? ಮದುವೆಯಾದವರನ್ನು ಹೇಗೆ ನಡೆಸಿಕೊಂಡರು? ಪ್ರಶ್ನೆ ಕೇಳಿದಾಗ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಅದೂ ಒಂದು ಉತ್ತರವೇ.

ನಿವೃತ್ತಿಗೆ ಎಷ್ಟು ವರ್ಷ ಇದೆ ಅಂತಲೂ ಲೆಕ್ಕ ಹಾಕಿ. ಮೂರು ವರ್ಷಕ್ಕಿಂತ ಕಡಿಮೆ ಸೇವೆ ಉಳಿದಿರುವವರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ಪ್ರಾಧ್ಯಾಪಕರಿಗೆ ಒಂದು ಸಲಕ್ಕೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ವಿದ್ಯಾರ್ಥಿಗಳ ಮಿತಿ ಇದೆ. ಎಂಟನೆಯವರಾಗಿ ಸೇರುವುದಕ್ಕಿಂತ ಚಿಕ್ಕ ವಯಸ್ಸಿನ, ಚುರುಕಾದ ಸಹಾಯಕ ಪ್ರಾಧ್ಯಾಪಕರ ಎರಡನೆಯ ವಿದ್ಯಾರ್ಥಿಯಾಗುವುದು ಎಷ್ಟೋ ಸಲ ವಾಸಿ.

ಒಂದು ವಿಷಯದಲ್ಲಿ ರಾಜಿ ಬೇಡ. ಗೈಡ್ ನಡತೆ ಸರಿಯಿಲ್ಲ ಅಂತ ಇಬ್ಬರು ಬೇರೆ ಬೇರೆಯಾಗಿ ಹೇಳಿದರೆ ಅಲ್ಲಿಗೆ ಹೋಗಬೇಡಿ, ಅವರ ಪೇಪರುಗಳು ಎಷ್ಟೇ ದೊಡ್ಡವಿರಲಿ. ಪ್ರತಿ ಸಂಸ್ಥೆಯಲ್ಲೂ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ದೂರು ಸಮಿತಿ ಇರಲೇಬೇಕು. ಅದರ ಸದಸ್ಯರ ಹೆಸರು, ಫೋನ್ ನಂಬರ್ ಗೋಡೆಯ ಮೇಲೆ ಇದೆಯಾ ಅಂತ ಮೊದಲ ದಿನವೇ ನೋಡಿ.

ಮದುವೆ, ಮಗು: ನಿಯಮ ಏನು ಹೇಳುತ್ತದೆ?

ಮನೆಯವರ ಮುಂದೆ ಇಡಲು ಇವು ಬೇಕಾಗುತ್ತವೆ. ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೆರಡು ವರ್ಷ. ಅದರ ಮೇಲೆ ಮಹಿಳೆಯರಿಗೆ ಮತ್ತೆ ಎರಡು ವರ್ಷ ಸಡಿಲಿಕೆ, ಒಟ್ಟು 10 ವರ್ಷ ಮೀರಬಾರದು. ಪಿಎಚ್‌ಡಿ ಅವಧಿಯಲ್ಲಿ ಹೆರಿಗೆ, ಮಗುವಿನ ಆರೈಕೆಗೆ 240 ದಿನದವರೆಗೆ ರಜೆ ಇದೆ. ಮದುವೆಯಾಗಿ ಬೇರೆ ಊರಿಗೆ ಹೋಗಬೇಕಾಗಿ ಬಂದರೆ ಅಲ್ಲಿಯವರೆಗಿನ ಸಂಶೋಧನೆಯ ದತ್ತಾಂಶವನ್ನು ಹೊಸ ಸಂಸ್ಥೆಗೆ ಒಯ್ಯಲು ನಿಯಮದಲ್ಲೇ ಅವಕಾಶ ಇದೆ. ಎಲ್ಲವೂ ಯುಜಿಸಿಯ 2022ರ ನಿಯಮಾವಳಿಯಲ್ಲಿವೆ. ಗೈಡ್ ಅಥವಾ ಕಚೇರಿಯವರು "ಹಾಗೆಲ್ಲ ಇಲ್ಲಮ್ಮ" ಅಂದರೆ ನಿಯಮದ ಪ್ರತಿ ತೋರಿಸಿ, ಅರ್ಜಿ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ.

ಗಂಡಿನ ಕಡೆಯವರ ಹತ್ತಿರ ಮಾತು ನಡೆಯುವಾಗ "ಮದುವೆ ಆದ ಮೇಲೂ ಓದಿಸುತ್ತೇವೆ" ಅನ್ನುತ್ತಾರೆ. ಆ ಮಾತು ಸಾಲದು. ಲ್ಯಾಬ್ ಇರುವ ಊರಿನಲ್ಲೇ ಇಷ್ಟು ವರ್ಷ ಇರುತ್ತಾಳೆ ಅಂತ ಖಚಿತವಾಗಿ ಹೇಳಿ ಒಪ್ಪಿಸಿ. ಈ ಮಾತು ಹುಡುಗಿಯ ಬಾಯಲ್ಲಿ ಬಂದರೆ "ಜಾಸ್ತಿ ಮಾತಾಡುತ್ತಾಳೆ" ಅನ್ನುತ್ತಾರೆ. ಅಪ್ಪ ಅಮ್ಮ ಹೇಳಬೇಕಾದ ಮಾತು ಇದು, ದಯವಿಟ್ಟು ನೀವೇ ಹೇಳಿ.

ಯಾರಿಗೆ ಯಾವುದು?

ಜೆಆರ್‌ಎಫ್ ಆಗಿದ್ದರೆ ಮೈಸೂರು, ಬೆಂಗಳೂರಿನ ಸಂಸ್ಥೆಗಳಿಗೆ ಹಾಕಿ. ಜೊತೆಗೆ ಒಳ್ಳೆಯ ಗೈಡ್ ಇರುವ ಒಂದು ವಿಶ್ವವಿದ್ಯಾಲಯಕ್ಕೂ ಹಾಕಿ. ಗೇಟ್ ಅಂಕ ಚೆನ್ನಾಗಿದ್ದು ಜೆಆರ್‌ಎಫ್ ಇಲ್ಲದಿದ್ದರೆ ಐಐಎಸ್‌ಸಿ, ಐಐಟಿಗಳು. ಭೌತಶಾಸ್ತ್ರದವರಿಗೆ ಜೆಸ್ಟ್ ಪರೀಕ್ಷೆಯೂ ಇದೆ. ನೆಟ್‌ನಲ್ಲಿ ಜೆಆರ್‌ಎಫ್ ತಪ್ಪಿ ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ ಅರ್ಹತೆ ಬಂದಿದ್ದರೆ ಆ ಅಂಕಕ್ಕೆ ಒಂದು ವರ್ಷದ ಬೆಲೆ ಮಾತ್ರ. ಅಷ್ಟರೊಳಗೆ ಸೇರಿ ಕೆಸ್ಟೆಪ್ಸ್ ಅಥವಾ ಇಲಾಖೆಯ ಫೆಲೋಶಿಪ್‌ಗೆ ಹಾಕಿ, ಸೇರಿದ ಮೇಲೂ ನೆಟ್ ಬರೆಯುತ್ತಿರಿ. ಏನೂ ಇಲ್ಲದಿದ್ದರೆ ಆ ವರ್ಷ ಸೇರಬೇಡಿ. ಪ್ರಾಜೆಕ್ಟ್ ಕೆಲಸ ಹಿಡಿದು ಮತ್ತೆ ಪರೀಕ್ಷೆ ಬರೆಯಿರಿ. ಒಂದು ವರ್ಷ ತಡವಾದರೆ ಏನೂ ನಷ್ಟ ಇಲ್ಲ. ದುಡ್ಡಿಲ್ಲದೆ ಸೇರಿ ಮೂರನೇ ವರ್ಷಕ್ಕೆ ಬಿಟ್ಟರೆ ಮೂರು ವರ್ಷವೂ ಹೋಯಿತು.

ಗೇಟ್ ಅರ್ಜಿ ಸಾಮಾನ್ಯವಾಗಿ ಆಗಸ್ಟ್ ಕೊನೆಗೆ ಶುರುವಾಗುತ್ತದೆ, ಪರೀಕ್ಷೆ ಫೆಬ್ರವರಿಯಲ್ಲಿ. ಐಐಎಸ್‌ಸಿಯ ಮುಖ್ಯ ಪ್ರವೇಶ ಆಗಸ್ಟ್‌ಗೆ, ಅರ್ಜಿ ಅದೇ ವರ್ಷದ ಮೊದಲ ತಿಂಗಳುಗಳಲ್ಲಿ. ಎಂಎಸ್ಸಿ ಕೊನೆ ವರ್ಷದಲ್ಲಿರುವಾಗಲೇ ನೆಟ್ ಬರೆಯಬಹುದು, ಫಲಿತಾಂಶಕ್ಕೆ ಕಾಯಬೇಕಿಲ್ಲ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಈಗಲೇ ಮಾಡಿಸಿಟ್ಟುಕೊಳ್ಳಿ. ಹಿಂದುಳಿದ ವರ್ಗದವರಿಗೆ ಕೇಂದ್ರದ ಪರೀಕ್ಷೆಗಳಿಗೆ ಬೇಕಾದ ಒಬಿಸಿ ಪತ್ರ ಬೇರೆ, ರಾಜ್ಯದ್ದು ಬೇರೆ. ಎರಡನ್ನೂ ಕೇಳಿ ಪಡೆಯಿರಿ.